ಮೈಸೂರು ಬಿಟ್ಟು ಹೋಗದೆ ಒಂದು ವರ್ಷದ ಫೋಟೊ ಕೆಲಸ: ಡಬ್ಬಿ ಕ್ಯಾಮೆರಾ, ಮರುಚಿತ್ರಣ, ಅರಮನೆ ದೀಪ, ಮಾರುಕಟ್ಟೆ

ನಜರ್‌ಬಾದ್_ನೋಟ

ಮೈಸೂರಿನೊಳಗೇ ಮಾಡಬೇಕಾದ ನಾಲ್ಕು ಕೆಲಸಗಳು ಕೆಳಗಿವೆ. ಚೆನ್ನಾಗಿದೆಯೋ ಇಲ್ಲವೋ ಆಮೇಲೆ ಮಾತಾಡೋಣ. ಎಲ್ಲಿ ಕೈಕೊಡುತ್ತದೆ ಅನ್ನುವುದು ಮೊದಲು ಬೇಕು.

ಒಂದು, ಬಿಯರ್ ಡಬ್ಬಿಯ ಪಿನ್‌ಹೋಲ್ ಕ್ಯಾಮೆರಾವನ್ನು (ಲೆನ್ಸಿನ ಬದಲು ಸೂಜಿರಂಧ್ರ, ಒಳಗೆ ಫೋಟೊ ಕಾಗದ) ಆರು ತಿಂಗಳು ಮಹಡಿಗೆ ಕಟ್ಟಿಟ್ಟು ಸೂರ್ಯನ ದಾರಿ ಹಿಡಿಯುವ ಸೋಲಾರ್‌ಗ್ರಫಿ. ಎರಡು, ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ, ಸಯ್ಯಾಜಿರಾವ್ ರಸ್ತೆಯ ಹಳೆಯ ಪೋಸ್ಟ್‌ಕಾರ್ಡ್‌ಗಳನ್ನು ಹಿಡಿದು ಅದೇ ಜಾಗದಿಂದ ಮತ್ತೆ ತೆಗೆಯುವುದು. ಮೂರು, ಅರಮನೆಯ ದೀಪಾಲಂಕಾರ, ಆದರೆ ಹಿಂದಿನ ಆಕಾಶ ಕಪ್ಪಾಗಿರಬಾರದು, ನೀಲಿ ಇರಬೇಕು. ನಾಲ್ಕು, ಮಾರುಕಟ್ಟೆಯ ವ್ಯಾಪಾರಿಗಳ ಭಾವಚಿತ್ರ, ಫ್ಲ್ಯಾಶ್ ಇಲ್ಲದೆ.

ಸಲಕರಣೆ: ಫುಲ್ ಫ್ರೇಮ್ ಬಾಡಿ, 24 ಮತ್ತು 50 ಮಿ.ಮೀ. ಲೆನ್ಸ್, ಟ್ರೈಪಾಡ್, ಫ್ಲಾಟ್‌ಬೆಡ್ ಸ್ಕ್ಯಾನರ್. ಡಬ್ಬಿಯ ಮುಖ ದಕ್ಷಿಣಕ್ಕಿದ್ದರೆ ಸಾಕಲ್ಲವೇ? ಎಲ್ಲ ಕಡೆ ಹಾಗೇ ಹೇಳುತ್ತಾರೆ.

---

ಅಕ್ಷಾಂಶ_12

ಹಾಗೆ ಹೇಳುವವರು ಯುರೋಪಿನಲ್ಲಿ ಕೂತವರು. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ, ಅದಕ್ಕೇ ಆ ಕಮಾನು ಕಮಾನಾದ ಗೆರೆಗಳು ಒಂದರ ಮೇಲೊಂದು ಬರುತ್ತವೆ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 22-23ರ ಸುಮಾರಿಗೆ ಮತ್ತು ಆಗಸ್ಟ್ 20ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆ ಎರಡು ದಿನಗಳ ನಡುವಿನ ನಾಲ್ಕು ತಿಂಗಳು ನಡುಹಗಲಿನಲ್ಲಿ ಅವನಿರುವುದು ಉತ್ತರದ ಕಡೆ. ಜೂನ್ 21ಕ್ಕೆ ಉತ್ತರದಲ್ಲಿ ಸುಮಾರು 79 ಡಿಗ್ರಿ ಎತ್ತರ, ಡಿಸೆಂಬರ್ 21ಕ್ಕೆ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ. ದಕ್ಷಿಣಕ್ಕೆ ನೆಟ್ಟ ಡಬ್ಬಿಗೆ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗಿನ ಪೂರ್ತಿ ಕಮಾನುಗಳು ಸಿಕ್ಕಾವು. ಉಳಿದ ತಿಂಗಳುಗಳ ನಡುಹಗಲೆಲ್ಲ ಡಬ್ಬಿಯ ನೋಟದಿಂದ ಮೇಲಕ್ಕೆ ಹೊರಟುಹೋಗುತ್ತದೆ.

ನಮ್ಮ ಊರಿಗೆ ಪೂರ್ವವೋ ಪಶ್ಚಿಮವೋ ಸರಿ. ಸೂರ್ಯ ಹುಟ್ಟುವ ಬಿಂದು ಉತ್ತರದಿಂದ ಅಳೆದರೆ ಜೂನ್‌ನಲ್ಲಿ 66 ಡಿಗ್ರಿ, ಡಿಸೆಂಬರ್‌ನಲ್ಲಿ 114 ಡಿಗ್ರಿ. ಅಂದರೆ 48 ಡಿಗ್ರಿ ಅಗಲದ ಪಟ್ಟಿಯಲ್ಲಿ ಆರು ತಿಂಗಳ ಗೆರೆಗಳೆಲ್ಲ ಬಂದು ಕೂರುತ್ತವೆ. ಅವು ಹೆಚ್ಚುಕಡಿಮೆ ನೇರವಾಗಿ ಮೇಲೇರುತ್ತವೆ, ಸ್ವಲ್ಪ ಬಲಕ್ಕೆ ವಾಲುತ್ತವೆ. ಚಿತ್ರ ಕಮಾನಿನಂತೆ ಇರುವುದಿಲ್ಲ, ಮಗ್ಗಕ್ಕೆ ಬಿಗಿದ ಹಾಸಿನ ನೂಲಿನಂತೆ ಇರುತ್ತದೆ. ನನ್ನ ಪ್ರಕಾರ ಅದೇ ಮೈಸೂರಿನ ಚಿತ್ರ. ಯುರೋಪಿನ ಕಮಾನು ಇಲ್ಲಿ ಬರಬೇಕೆಂದು ಡಬ್ಬಿಯನ್ನು ಹಿಂದಕ್ಕೆ ಬಾಗಿಸಿ ಒದ್ದಾಡುವುದರಲ್ಲಿ ಅರ್ಥವಿಲ್ಲ.

ಪೂರ್ವ, ಪಶ್ಚಿಮದಲ್ಲಿ ಪೂರ್ವವೇ ಮೇಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬರುವುದು ಬಹುಪಾಲು ಮಧ್ಯಾಹ್ನದ ಮೇಲೆ. ಬೆಳಗಿನ ಆಕಾಶ ತಿಳಿಯಾಗಿರುತ್ತದೆ, ಗೆರೆ ಕಡಿಯುವುದಿಲ್ಲ. ಕುವೆಂಪುನಗರದ ಕಡೆಯ ಮಹಡಿಯಾದರೆ ಚಾಮುಂಡಿ ಬೆಟ್ಟ ಪೂರ್ವಕ್ಕಿಂತ ಸ್ವಲ್ಪ ಆಗ್ನೇಯಕ್ಕೆ ಕಾಣುತ್ತದೆ, ನವೆಂಬರ್ ಮೊದಲಲ್ಲೂ ಫೆಬ್ರವರಿ ಮೊದಲಲ್ಲೂ ಸೂರ್ಯ ಬೆಟ್ಟದ ಆಸುಪಾಸಿನಲ್ಲೇ ಏಳುತ್ತಾನೆ. ನಜರ್‌ಬಾದ್‌ನಿಂದ ಬೆಟ್ಟ ತೀರ ದಕ್ಷಿಣಕ್ಕೆ ಬೀಳುತ್ತದೆ, ಸೂರ್ಯನ ಗೆರೆಗೂ ಬೆಟ್ಟಕ್ಕೂ ಸಂಬಂಧವೇ ಬರುವುದಿಲ್ಲ. ಬೆಟ್ಟ ಬೇಕೇ ಬೇಕೆಂದರೆ ಊರಿನ ಪಶ್ಚಿಮದ ಬಡಾವಣೆಯಲ್ಲಿ ಮಹಡಿ ಹುಡುಕಿ. ಬೆಟ್ಟ ಚಿಕ್ಕದಾಗಿ ಕಾಣುತ್ತದೆ ಅನ್ನುವುದನ್ನೂ ಈಗಲೇ ತಿಳಿದಿರಿ. ಊರಿನ ನೆಲದಿಂದ ಅದರ ಎತ್ತರ ಸುಮಾರು 300 ಮೀಟರ್, 5 ಕಿ.ಮೀ. ದೂರದಿಂದ ಮೂರೂವರೆ ಡಿಗ್ರಿಯೂ ಇಲ್ಲ.

---

ಕತ್ತಲೆಕೋಣೆ

ಮೇಲಿನದಕ್ಕೆ ನನ್ನದೂ ಒಪ್ಪಿಗೆ. ಈಗ ಡಬ್ಬಿ ಕಟ್ಟುವ ಕ್ರಮ.

500 ಎಂ.ಎಲ್. ಡಬ್ಬಿಯನ್ನೇ ತೆಗೆದುಕೊಳ್ಳಿ. 330ರ ದಪ್ಪ ಡಬ್ಬಿಯ ಎತ್ತರ 115 ಮಿ.ಮೀ. ಮಾತ್ರ, 5×7 ಇಂಚಿನ ಕಾಗದ ಅದರಲ್ಲಿ ಹಿಡಿಯುವುದಿಲ್ಲ. ಎರಡರ ವ್ಯಾಸವೂ ಸುಮಾರು 66 ಮಿ.ಮೀ., ಒಳಸುತ್ತಳತೆ 207 ಮಿ.ಮೀ. 5×7 ಕಾಗದದ ಉದ್ದ 178, ಹಾಗಾಗಿ 29 ಮಿ.ಮೀ. ಜಾಗ ಉಳಿಯುತ್ತದೆ. ಆ ಸಂದಿಯ ನಡುವೆ ಪಿನ್‌ಹೋಲ್ ಬರಬೇಕು. ಕಾಗದವೇ ರಂಧ್ರವನ್ನು ಮುಚ್ಚಿಬಿಡುವುದು ಅತಿ ಸಾಮಾನ್ಯವಾದ ಸೋಲು.

ರಂಧ್ರಕ್ಕೆ ಹೊಲಿಗೆ ಸೂಜಿ ದಪ್ಪವಾಯಿತು. 66 ಮಿ.ಮೀ. ದೂರಕ್ಕೆ ಸರಿಯಾದ ವ್ಯಾಸ 0.36 ಮಿ.ಮೀ. ಔಷಧಿ ಅಂಗಡಿಯ 28 ಗೇಜ್ ಇನ್ಸುಲಿನ್ ಸೂಜಿ ಅಷ್ಟೇ ಇರುತ್ತದೆ, 29 ಗೇಜ್ 0.33. ಎರಡೂ ನಡೆಯುತ್ತದೆ, ಆದರೆ 31 ಗೇಜ್ ಬೇಡ, ಧೂಳಿಗೇ ಮುಚ್ಚಿಹೋಗುತ್ತದೆ. ಒಳಗೆ ಮರದ ತುಂಡು ಇಟ್ಟು ಹೊರಗಿನಿಂದ ತಿರುಗಿಸುತ್ತಾ ಒತ್ತಿ, ಆಮೇಲೆ ಒಳಗಿನ ಮುಳ್ಳನ್ನು 600, ನಂತರ 1000 ನಂಬರಿನ ಎಮರಿ ಕಾಗದದಲ್ಲಿ ತಿಕ್ಕಿ. ಅಂಚು ಒರಟಾಗಿದ್ದರೆ ಸೂರ್ಯನ ಗೆರೆಯ ಸುತ್ತ ಮಂಜು ಕವಿದಂತೆ ಬರುತ್ತದೆ.

ರಂಧ್ರ ಎಲ್ಲಿ ಕೊರೆಯುತ್ತೀರಿ ಅನ್ನುವುದು ಮುಖ್ಯ. ಕಾಗದದ ಎತ್ತರ 127. ರಂಧ್ರ ಸರಿ ಮಧ್ಯದಲ್ಲಿದ್ದರೆ ಆಕಾಶದಲ್ಲಿ 44 ಡಿಗ್ರಿವರೆಗೆ ಮಾತ್ರ ಕಾಣುತ್ತದೆ. ಚಿತ್ರ ತಲೆಕೆಳಗಾಗಿ ಬೀಳುವುದರಿಂದ ರಂಧ್ರವನ್ನು ಮೇಲಕ್ಕೆ ತಂದರೆ ಆಕಾಶ ಹೆಚ್ಚು ಸಿಗುತ್ತದೆ. ಕಾಗದದ ಮೇಲಂಚಿನಿಂದ 30 ಮಿ.ಮೀ. ಕೆಳಗೆ ಕೊರೆದರೆ 56 ಡಿಗ್ರಿವರೆಗೆ ಹೋಗುತ್ತದೆ, ಕೆಳಗೆ ನೆಲದ ಕಡೆ 24 ಡಿಗ್ರಿ ಉಳಿಯುತ್ತದೆ. ಅಡ್ಡಕ್ಕೆ 150 ಡಿಗ್ರಿಗೂ ಮೇಲೆ ಬರುತ್ತದೆ.

ಕಪ್ಪುಬಿಳುಪು ಬ್ರೋಮೈಡ್ ಕಾಗದ ಯಾವುದಾದರೂ ಸರಿ, ಅವಧಿ ಮುಗಿದದ್ದಾದರೂ ಸರಿ. ಆರ್‌ಸಿ (ಪ್ಲಾಸ್ಟಿಕ್ ಲೇಪದ) ಕಾಗದ ತೇವಕ್ಕೆ ಕಡಿಮೆ ಸುರುಳಿಯಾಗುತ್ತದೆ. ಕೆಂಪು ದೀಪದಲ್ಲಿ, ಹೊಳೆಯುವ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ಮುಖ ರಂಧ್ರದ ಕಡೆಗಿರುವಂತೆ ಸುತ್ತಿ ಒಳಗಿಡಿ. ಮುಚ್ಚಳಕ್ಕೆ ಇನ್ನೊಂದು ಡಬ್ಬಿಯ ತಳವನ್ನು 4 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಬಾಯಿಗೆ ನಾಲ್ಕು ಸೀಳು ಕೊಟ್ಟು ಮೇಲಿಂದ ತೊಡಿಸಿ. ಕೈಗೆ ದಪ್ಪ ಕೈಗವಸು ಇರಲಿ, ಕತ್ತರಿಸಿದ ಅಲ್ಯೂಮಿನಿಯಂ ಅಂಚು ಬ್ಲೇಡಿಗಿಂತ ಕಡೆಯಲ್ಲ.

ಕೊನೆಗೆ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ), ಹೈಪೊ (ಅದನ್ನು ಸ್ಥಿರಗೊಳಿಸುವ ದ್ರಾವಣ) ಎರಡೂ ಬೇಡ. ಆರು ತಿಂಗಳ ಬಿಸಿಲಿಗೆ ಕಾಗದದ ಮೇಲೆ ಚಿತ್ರ ತಾನಾಗಿ ಮೂಡಿರುತ್ತದೆ. ಡೆವಲಪರ್‌ಗೆ ಹಾಕಿದರೆ ಇಡೀ ಕಾಗದ ಕಪ್ಪು, ಹೈಪೊಗೆ ಹಾಕಿದರೆ ಬಣ್ಣ ಇಳಿದು ಪೇಲವ.

---

ನಜರ್‌ಬಾದ್_ನೋಟ

ಪೂರ್ವ ಎಂದಾಯಿತು. ಜೂನ್‌ನಿಂದ ಡಿಸೆಂಬರೋ, ಡಿಸೆಂಬರ್‌ನಿಂದ ಜೂನೋ? ಕಟ್ಟುವುದು ಹೇಗೆ? ನೈಲಾನ್ ಟೈ ಸಾಕೇ?

---

ಮಹಡಿಮೆಟ್ಟಿಲು

ಡಿಸೆಂಬರ್ 21ರಿಂದ ಜೂನ್ 21. ಎರಡು ಅರ್ಧವರ್ಷಗಳಲ್ಲೂ ಸೂರ್ಯ ಓಡಾಡುವ ಪಟ್ಟಿ ಒಂದೇ, ಆದರೆ ಜನವರಿಯಿಂದ ಮೇವರೆಗೆ ಆಕಾಶ ಖಾಲಿ ಇರುತ್ತದೆ. ಜೂನ್‌ನಲ್ಲಿ ಶುರುಮಾಡಿದರೆ ಮೊದಲ ತಿಂಗಳುಗಳೇ ಮೋಡಕ್ಕೆ ಹೋಗುತ್ತವೆ, ಅಕ್ಟೋಬರ್ ಮಳೆ ಬೇರೆ.

ಬಿಳಿ ನೈಲಾನ್ ಟೈ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ. ಕಪ್ಪು, ಯುವಿ ತಡೆಯುವ ಟೈ ಸ್ವಲ್ಪ ವಾಸಿ. ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ಹೋಸ್ ಕ್ಲಾಂಪ್ ಎರಡು ಹಾಕಿದರೆ ಚಿಂತೆಯಿಲ್ಲ, ಮೇಲೊಂದು ಕೆಳಗೊಂದು. ಒಂದೇ ಕಟ್ಟು ಕಟ್ಟಿದರೆ ಗಾಳಿಗೆ ತಿರುಗುತ್ತದೆ. ಡಬ್ಬಿ ಒಂದು ಡಿಗ್ರಿ ತಿರುಗಿದರೂ ದಿಗಂತ ಎರಡು ಬರುತ್ತದೆ, ತೆಂಗಿನ ಮರಗಳೆಲ್ಲ ಜೋಡಿಯಾಗುತ್ತವೆ. ನೀರಿನ ಟ್ಯಾಂಕಿನ ಪ್ಲಾಸ್ಟಿಕ್ ಪೈಪಿಗೆ ಕಟ್ಟಬೇಡಿ, ಮೋಟರ್ ಓಡಿದಾಗಲೆಲ್ಲ ನಡುಗುತ್ತದೆ. ಕಬ್ಬಿಣದ ಕಟಕಟೆ, ಇಲ್ಲವೇ ಮಹಡಿಯ ಕಂಬದಿಂದ ಹೊರಬಂದ ಸರಳು ಒಳ್ಳೆಯದು. ಮನೆ ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಆಸೆಯಿಂದ ಬಿಟ್ಟ ಸರಳುಗಳಿಗೆ ಈ ಊರಲ್ಲಿ ಬರವಿಲ್ಲ.

ಸಾಮಾನ್ಯ ವೈರಿಂಗ್ ಟೇಪ್ ಬಿಸಿಲಿಗೆ ಅಂಟು ಬಿಟ್ಟು ಜಾರುತ್ತದೆ. ಅಲ್ಯೂಮಿನಿಯಂ ಫಾಯಿಲ್ ಟೇಪ್ ಅಥವಾ ಬಟ್ಟೆಯ ಡಕ್ಟ್ ಟೇಪ್ ಸುತ್ತಿ. ಮುಚ್ಚಳ ಮೇಲಿರಲಿ, ಸುತ್ತಿನ ಟೇಪಿನ ಅಂಚು ಕೆಳಮುಖವಾಗಿರಲಿ. ಇಷ್ಟಾದರೂ ಒಳಗೆ ತೇವ ಸೇರುತ್ತದೆ ಎಂದೇ ಲೆಕ್ಕ ಹಾಕಿ, ತಳದಲ್ಲಿ ಒಂದು ಸಿಲಿಕಾ ಪೊಟ್ಟಣ ಅಂಟಿಸಿ. ತಳಕ್ಕೆ ರಂಧ್ರ ಕೊರೆದು ನೀರು ಹೋಗಲು ಬಿಡಿ ಎನ್ನುವ ಸಲಹೆ ಅಲ್ಲಲ್ಲಿ ಇದೆ. ಆ ರಂಧ್ರದಿಂದ ಬೆಳಕು ಬರುತ್ತದೆ, ಇರುವೆಯೂ ಬರುತ್ತದೆ. ಬೇಡ.

ಇನ್ನೊಂದು ಶತ್ರು ಕಣಜ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಡಬ್ಬಿಯ ಮಗ್ಗುಲು ಬಹಳ ಪ್ರಿಯ. ವಾರಕ್ಕೊಮ್ಮೆ ಕಣ್ಣಾಡಿಸಿ, ಆದರೆ ಡಬ್ಬಿ ಮುಟ್ಟದೆ.

ಒಂದೇ ಡಬ್ಬಿ ನಂಬಿ ಕೂರಬೇಡಿ. ಐದಾರು ಮಾಡಿ, ಬೇರೆ ಬೇರೆ ಮಹಡಿಗಳಿಗೆ ಹಂಚಿ. ಅರಮನೆ, ಮೃಗಾಲಯ, ಬಸ್ ನಿಲ್ದಾಣದ ಹತ್ತಿರ ಸಾರ್ವಜನಿಕ ಕಂಬಕ್ಕೆ ಟೇಪ್ ಸುತ್ತಿದ ಡಬ್ಬಿ ಕಟ್ಟುವ ಯೋಚನೆ ಬಿಟ್ಟುಬಿಡಿ. ಪೊಲೀಸರಿಗೆ ಅದು ಬೇರೆಯೇ ಆಗಿ ಕಾಣುತ್ತದೆ, ಅವರ ತಪ್ಪೇನಿಲ್ಲ. ಖಾಸಗಿ ಮಹಡಿಯಾದರೂ ಡಬ್ಬಿಯ ಮೇಲೆ ಕನ್ನಡದಲ್ಲಿ "ಇದು ಫೋಟೊ ತೆಗೆಯುವ ಡಬ್ಬಿ, ಜೂನ್‌ವರೆಗೆ ಮುಟ್ಟಬೇಡಿ" ಎಂಬ ಚೀಟಿ ಇರಲಿ. ಇಲ್ಲದಿದ್ದರೆ ಹಬ್ಬದ ಹಿಂದಿನ ದಿನ ಮಹಡಿ ತೊಳೆಯುವವರು ಕಸ ಎಂದು ಎಸೆಯುತ್ತಾರೆ.

---

ಕೆಲಗೇರಿ_ದಂಡಿ

ಧಾರವಾಡದಾಗ ಇದ ಲೆಕ್ಕ ನಡೀತದೇನ್ರಿ?

---

ಅಕ್ಷಾಂಶ_12

ನಡೆಯುತ್ತದೆ, ದಿನಾಂಕ ಬೇರೆ. ಧಾರವಾಡ 15.5 ಡಿಗ್ರಿ ಉತ್ತರ. ನೆತ್ತಿಯ ಮೇಲೆ ಸೂರ್ಯ ಬರುವುದು ಮೇ 2-3 ಮತ್ತು ಆಗಸ್ಟ್ 10-11ರ ಸುಮಾರಿಗೆ. ಡಿಸೆಂಬರ್‌ನಲ್ಲಿ ದಕ್ಷಿಣದ ಎತ್ತರ 51 ಡಿಗ್ರಿ. ಪೂರ್ವಕ್ಕೇ ಇಡಿ. ಮಳೆ ಮಾತ್ರ ಮೈಸೂರಿಗಿಂತ ಬೇಗ ಶುರುವಾಗಿ ಬಿಡದೆ ಹಿಡಿಯುತ್ತದೆ, ಜೂನ್ ಮೊದಲ ವಾರದಲ್ಲೇ ಬಿಚ್ಚಿದರೂ ನಷ್ಟವಿಲ್ಲ.

---

ಮಟ್ಟಗೋಲು

ಎರಡನೇ ಕೆಲಸಕ್ಕೆ ಬರೋಣ. ಅದೇ ಜಾಗದ ಈಗಿನ ಫೋಟೊ ಎಂದು ಹಾಕುವ ಜೋಡಿಚಿತ್ರಗಳಲ್ಲಿ ಹತ್ತಕ್ಕೆ ಒಂಬತ್ತು ಅದೇ ಜಾಗದವಲ್ಲ, ಅದೇ ಬೀದಿಯವು ಅಷ್ಟೇ. ಕಟ್ಟಡ ಬದಲಾಗಿದ್ದನ್ನು ತೋರಿಸಬೇಕಾದರೆ ನಿಂತ ಜಾಗ ಬದಲಾಗಿರಬಾರದು. ಇಲ್ಲದಿದ್ದರೆ ಏನು ಬದಲಾಯಿತು, ಊರೋ ನೀವೋ ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ.

ಲೆನ್ಸ್ ಯಾವುದು ಅನ್ನುವುದು ಇಲ್ಲಿ ಗೌಣ. ದೃಷ್ಟಿಕೋನವನ್ನು ನಿರ್ಧರಿಸುವುದು ಜಾಗ, ಲೆನ್ಸ್ ಎಷ್ಟು ಭಾಗ ಸೇರುತ್ತದೆ ಎನ್ನುವುದನ್ನು ಮಾತ್ರ ನಿರ್ಧರಿಸುತ್ತದೆ. ಅಗಲವಾಗಿ ತೆಗೆದು ಕ್ರಾಪ್ ಮಾಡಿದರಾಯಿತು.

ಹಳೆಯ ಚಿತ್ರದಲ್ಲಿ ಒಂದು ಹತ್ತಿರದ ವಸ್ತುವಿನ ಅಂಚು ಒಂದು ದೂರದ ವಸ್ತುವನ್ನು ಎಲ್ಲಿ ಕತ್ತರಿಸುತ್ತದೆ ನೋಡಿ. ಉದಾಹರಣೆಗೆ ಮಾರುಕಟ್ಟೆಯ ಮೂಲೆಗೋಡೆ ಚಿಕ್ಕ ಗಡಿಯಾರದ ಗೋಪುರವನ್ನು. ಇಂಥ ಎರಡು ಛೇದಗಳು, ಚಿತ್ರದ ಎಡಕ್ಕೊಂದು ಬಲಕ್ಕೊಂದು ಸಿಕ್ಕರೆ, ನಿಲ್ಲುವ ಜಾಗ ನೆಲದ ಮೇಲೆ ಒಂದೇ ಬಿಂದು. ಎಡಬಲ ಸರಿಯುವುದರಿಂದ ಛೇದ ಸರಿಹೋಗುತ್ತದೆ. ಹಿಂದೆಮುಂದೆಗೆ ಬೇರೆ ಅಳತೆ: ಹತ್ತಿರದ ಎರಡು ಬಿಂದುಗಳ ಅಂತರವನ್ನು ದೂರದ ಎರಡು ಬಿಂದುಗಳ ಅಂತರದಿಂದ ಭಾಗಿಸಿ. ನಿಮ್ಮ ಚಿತ್ರದಲ್ಲಿ ಈ ಅನುಪಾತ ಹಳೆಯದಕ್ಕಿಂತ ಹೆಚ್ಚಿದ್ದರೆ ನೀವು ತೀರ ಹತ್ತಿರ ನಿಂತಿದ್ದೀರಿ, ಹಿಂದೆ ಸರಿಯಿರಿ.

ಕ್ಯಾಮೆರಾದ ಎತ್ತರ ಮರೆಯಬೇಡಿ. ದಿಗಂತರೇಖೆ ಯಾವ ವಸ್ತುವಿನ ಯಾವ ಎತ್ತರದಲ್ಲಿ ಹಾದುಹೋಗುತ್ತದೋ ಕ್ಯಾಮೆರಾ ಅಷ್ಟೇ ಎತ್ತರದಲ್ಲಿತ್ತು. ಬೀದಿಯಲ್ಲಿ ನಿಂತವರ ತಲೆಗಳೆಲ್ಲ ದಿಗಂತಕ್ಕಿಂತ ಕೆಳಗಿದ್ದರೆ ಛಾಯಾಗ್ರಾಹಕ ಮೆಟ್ಟಿಲ ಮೇಲೋ ಗಾಡಿಯ ಮೇಲೋ ಮಹಡಿಯಲ್ಲೋ ಇದ್ದ ಎಂದರ್ಥ.

ಹಳೆಯ ಪ್ಲೇಟ್ ಕ್ಯಾಮೆರಾಗಳಲ್ಲಿ ಲೆನ್ಸನ್ನೇ ಮೇಲಕ್ಕೆ ಸರಿಸುತ್ತಿದ್ದರು, ಕಟ್ಟಡದ ಗೆರೆಗಳು ನೆಟ್ಟಗೆ ಇರುತ್ತಿದ್ದವು. ನೀವು ಕ್ಯಾಮೆರಾ ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ಬೀಳುತ್ತದೆ. ಶಿಫ್ಟ್ ಲೆನ್ಸ್ ಇಲ್ಲದಿದ್ದರೆ ಕ್ಯಾಮೆರಾ ಮಟ್ಟವಾಗಿಟ್ಟು, 24 ಮಿ.ಮೀ.ನಲ್ಲಿ ಲಂಬವಾಗಿ ತೆಗೆದು, ಕೆಳಗಿನ ರಸ್ತೆಯನ್ನು ಕತ್ತರಿಸಿ ಎಸೆಯಿರಿ. ಸಂತ ಫಿಲೋಮಿನಾ ಚರ್ಚಿನ ಶಿಖರ 175 ಅಡಿ, ಸುಮಾರು 53 ಮೀಟರ್. ಈ ರೀತಿ ಪೂರ್ತಿ ಶಿಖರ ಸೇರಬೇಕಾದರೆ ಸುಮಾರು 70 ಮೀಟರ್ ಹಿಂದೆ ನಿಲ್ಲಬೇಕು.

---

ಸೈಕಲ್_ಸ್ಟ್ಯಾಂಡ್

ಇಷ್ಟೆಲ್ಲ ಯಾಕೆ ಸ್ವಾಮಿ? ಫೋನಿನಲ್ಲಿ ಹಳೆಯ ಚಿತ್ರವನ್ನು ಅರೆಪಾರದರ್ಶಕ ಮಾಡಿ ಮೇಲಿಟ್ಟು ಹೊಂದಿಸುವ ಆ್ಯಪ್‌ಗಳಿವೆ. ಜಾಗಕ್ಕೆ ಜಿಪಿಎಸ್ ಗುರುತು ಹಾಕಿಕೊಂಡರೆ ಮುಂದಿನ ವರ್ಷ ಮತ್ತೆ ಬರಬಹುದು.

---

ಮಟ್ಟಗೋಲು

ಲೆಕ್ಕ ಹಾಕಿ ನೋಡಿ. ಹತ್ತಿರದ ಮೂಲೆ 20 ಮೀಟರ್, ದೂರದ ಗೋಪುರ 200 ಮೀಟರ್ ಇದೆ ಎಂದುಕೊಳ್ಳಿ. 50 ಮಿ.ಮೀ. ಲೆನ್ಸ್, 6000 ಪಿಕ್ಸೆಲ್ ಅಗಲದ ಫುಲ್ ಫ್ರೇಮ್ ಚಿತ್ರ. ನೀವು 1 ಮೀಟರ್ ಪಕ್ಕಕ್ಕೆ ಸರಿದರೆ ಆ ಎರಡರ ನಡುವಿನ ಸ್ಥಾನ 375 ಪಿಕ್ಸೆಲ್ ವ್ಯತ್ಯಾಸವಾಗುತ್ತದೆ. ಫೋನಿನ ಜಿಪಿಎಸ್ ತಪ್ಪುವುದೇ ಮೂರರಿಂದ ಐದು ಮೀಟರ್, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಅದು ಬೀದಿಗೆ ತಲುಪಿಸುತ್ತದೆ, ಜಾಗಕ್ಕಲ್ಲ.

ಆ್ಯಪ್ ಒರಟಾಗಿ ಹೊಂದಿಸಲು ಚೆನ್ನ. ಕೊನೆಯ 10 ಸೆಂ.ಮೀ.ಗೆ ಟ್ರೈಪಾಡ್ ಮೇಲೆ ತೆಗೆದು, ಲ್ಯಾಪ್‌ಟಾಪಿನಲ್ಲಿ ಹಳೆಯದರ ಮೇಲಿಟ್ಟು, ಸರಿದು, ಮತ್ತೆ ತೆಗೆಯುವುದೇ ದಾರಿ. ಜಾಗ ಸಿಕ್ಕ ಮೇಲೆ ಅಲ್ಲಾಡದ ಎರಡು ವಸ್ತುಗಳಿಂದ ಟೇಪ್ ಹಿಡಿದು ದೂರ ಅಳೆದು ಬರೆದಿಡಿ: ಚರಂಡಿ ಅಂಚಿನ ಕಲ್ಲಿನಿಂದ ಇಷ್ಟು, ಗೇಟಿನ ಕಂಬದಿಂದ ಇಷ್ಟು, ಲೆನ್ಸಿನ ಎತ್ತರ ಇಷ್ಟು. ಬಣ್ಣದ ಗುರುತು ಬೇಡ, ಡಾಂಬರು ಹೊಸದಾಗಿ ಬಿದ್ದರೆ ಮುಗಿಯಿತು.

---

ಹಳೆಅಂಚೆ

ಪೋಸ್ಟ್‌ಕಾರ್ಡಿನ ಕಾಲ ನಿರ್ಧರಿಸದೆ ಹೊರಡಬೇಡಿ. ಹಿಂಬದಿಯ ಅಂಚೆ ಮುದ್ರೆ ಕಾರ್ಡ್ ಕಳಿಸಿದ ವರ್ಷ ಹೇಳುತ್ತದೆ, ಚಿತ್ರ ತೆಗೆದದ್ದು ಅದಕ್ಕಿಂತ ಎಷ್ಟೋ ಹಿಂದೆ ಇರಬಹುದು.

ಚಿತ್ರದೊಳಗಿನ ಸುಳಿವುಗಳೇ ಗಟ್ಟಿ. ಮರದ ಹಳೆಯ ಅರಮನೆ ಕಂಡರೆ 1897ರ ಬೆಂಕಿಗೆ ಮೊದಲಿನದು. ಹೆನ್ರಿ ಅರ್ವಿನ್ ವಿನ್ಯಾಸದ ಈಗಿನ ಅರಮನೆ ಮುಗಿದಿದ್ದು 1912ರಲ್ಲಿ, ಸಾರುವೆ ಕಂಬಗಳು ಕಂಡರೆ ನಡುವಿನ ವರ್ಷಗಳು. ಬೀದಿಯಲ್ಲಿ ವಿದ್ಯುದ್ದೀಪದ ಕಂಬವಿದ್ದರೆ 1908ರ ನಂತರ. ಪುರಭವನದ ಮುಂದೆ ದೊಡ್ಡ ಗಡಿಯಾರ ಇದ್ದರೆ 1927 ಅಥವಾ ಆಮೇಲಿನದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ್ದು ಅದು. ಫಿಲೋಮಿನಾ ಚರ್ಚಿನ ಅಡಿಗಲ್ಲು ಬಿದ್ದದ್ದು 1933ರಲ್ಲಿ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಬಿತ್ತು. ಈ ಎರಡಕ್ಕೂ ಹಳೆಯ ಕಾರ್ಡ್ ಹುಡುಕುವ ಮೊದಲು 2005-2012ರ ಸಾಮಾನ್ಯ ಡಿಜಿಟಲ್ ಫೋಟೊಗಳನ್ನು ಹುಡುಕಿ. ಹಾರ್ಡ್‌ಡಿಸ್ಕ್‌ಗಳಲ್ಲಿ ಸಾಯುತ್ತಿರುವುದು ಅವು. ಕಾರ್ಡ್‌ಗಳನ್ನು ಸಂಗ್ರಾಹಕರು ಹೇಗೂ ಜೋಪಾನ ಮಾಡುತ್ತಾರೆ.

ನೆರಳನ್ನೂ ಓದಿ. ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬಿದ್ದಿದ್ದರೆ ಅದು ಏಪ್ರಿಲ್ ಕೊನೆಯಿಂದ ಆಗಸ್ಟ್ 20ರೊಳಗಿನ ಚಿತ್ರ, ಅನುಮಾನವೇ ಬೇಡ. ಉತ್ತರಕ್ಕೆ, ಎತ್ತರದ ಮುಕ್ಕಾಲು ಉದ್ದ ಬಿದ್ದಿದ್ದರೆ ಡಿಸೆಂಬರ್ ಆಸುಪಾಸು. ಅದೇ ತಿಂಗಳು, ಅದೇ ಹೊತ್ತಿಗೆ ಹೋದರೆ ಕಟ್ಟಡದ ಉಬ್ಬುತಗ್ಗು ಎರಡೂ ಚಿತ್ರದಲ್ಲಿ ಒಂದೇ ರೀತಿ ಕಾಣುತ್ತದೆ. ಗಡಿಯಾರ ನಂಬುವವರಿಗೆ ಒಂದು ಮಾತು: ಮೈಸೂರಿನ ನಿಜವಾದ ನಡುಹಗಲು 12 ಗಂಟೆಗಲ್ಲ. ನವೆಂಬರ್ ಮೊದಲಲ್ಲಿ 12:07, ಫೆಬ್ರವರಿ ಮಧ್ಯದಲ್ಲಿ 12:38.

ಆ ಕಾಲದ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಅದಕ್ಕೇ ಆಕಾಶ ಬರೀ ಬಿಳಿ, ಹೆಂಚು ಕಪ್ಪು. ನಿಮ್ಮದನ್ನು ಕಪ್ಪುಬಿಳುಪಿಗೆ ತಿರುಗಿಸುವಾಗ ಕೆಂಪು ಚಾನೆಲ್ ಪೂರ್ತಿ ತೆಗೆದು, ನೀಲಿಗೆ ಹೆಚ್ಚು, ಹಸಿರಿಗೆ ಸ್ವಲ್ಪ ಕೊಟ್ಟರೆ ಹಳೆಯದರ ಪಕ್ಕದಲ್ಲಿ ಕೂರುತ್ತದೆ. ಬಣ್ಣದ ಪ್ರತಿಯನ್ನೂ ಇಟ್ಟುಕೊಳ್ಳಿ.

ಹಕ್ಕುಸ್ವಾಮ್ಯ: 2012ರ ತಿದ್ದುಪಡಿಗೆ ಮೊದಲು ಫೋಟೊಗಳಿಗೆ ಪ್ರಕಟವಾದ ಮೇಲೆ 60 ವರ್ಷ. ಹಾಗಾಗಿ 1950ರೊಳಗೆ ಇಲ್ಲಿ ಪ್ರಕಟವಾದ ಕಾರ್ಡುಗಳ ಅವಧಿ ಆಗಲೇ ಮುಗಿದಿತ್ತು. ಈಗ ಛಾಯಾಗ್ರಾಹಕರ ಜೀವಿತಾವಧಿ ಮತ್ತು 60 ವರ್ಷ. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ತೀರಿಕೊಂಡದ್ದು 2009ರಲ್ಲಿ, ಅಂಥವರ ಚಿತ್ರ ಪಕ್ಕಕ್ಕಿಟ್ಟು ಪ್ರದರ್ಶಿಸಬೇಕಾದರೆ ಬರಹದಲ್ಲಿ ಅನುಮತಿ ಬೇಕೇ ಬೇಕು. ಬೀದಿಯಿಂದ ಕಾಣುವ ಕಟ್ಟಡವನ್ನೂ ಸಾರ್ವಜನಿಕ ಜಾಗದ ಪ್ರತಿಮೆಯನ್ನೂ ನೀವು ತೆಗೆಯಲು ಅಡ್ಡಿಯಿಲ್ಲ, ಕಾಯ್ದೆಯ 52ನೇ ಕಲಮಿನಲ್ಲಿ ಇದೆ.

---

ದೀಪದಕಂಬ

ಅರಮನೆ ದೀಪ ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ 7ರ ಸುಮಾರಿಗೆ ಹತ್ತುತ್ತದೆ, ಒಂದು ಗಂಟೆಯೂ ಇರುವುದಿಲ್ಲ. ಸಮಯ ಆಗಾಗ ಬದಲಾಗುತ್ತದೆ, ಹೋಗುವ ದಿನ ವಿಚಾರಿಸಿ. ದೀಪ ಹತ್ತುವ ಹೊತ್ತು ಹೆಚ್ಚುಕಡಿಮೆ ಸ್ಥಿರ, ಸೂರ್ಯ ಮುಳುಗುವ ಹೊತ್ತು ಸ್ಥಿರವಲ್ಲ. ನಿಮ್ಮ ನೀಲಿ ಆಕಾಶದ ಕೀಲಿ ಇರುವುದು ಅಲ್ಲೇ.

ನವೆಂಬರ್ ಮಧ್ಯದಲ್ಲಿ ಸೂರ್ಯಾಸ್ತ 5:55ಕ್ಕೆ. 7ಕ್ಕೆ ಆಕಾಶ ಕರ್ರಗೆ. ಅಕ್ಟೋಬರ್ ಮೊದಲಲ್ಲಿ, ಅಂದರೆ ದಸರಾ ಹೊತ್ತಿಗೆ, 6:11. ಆಗಲೂ ಕಪ್ಪೇ. ಎಲ್ಲರೂ ದಸರಾದಲ್ಲಿ ತೆಗೆಯುತ್ತಾರೆ, ಎಲ್ಲರ ಚಿತ್ರದಲ್ಲೂ ಕಪ್ಪು ಆಕಾಶ. ಜುಲೈ ಮೊದಲಲ್ಲಿ ಸೂರ್ಯಾಸ್ತ 6:53. ದೀಪ ಹತ್ತಿದಾಗ ಸೂರ್ಯ ಮುಳುಗಿ ಹತ್ತು ನಿಮಿಷವೂ ಆಗಿರುವುದಿಲ್ಲ, 7:15ರವರೆಗೆ ಆಕಾಶ ಗಾಢ ನೀಲಿಗೆ ಇಳಿಯುತ್ತಾ ಹೋಗುತ್ತದೆ. ಆಗಸ್ಟ್ 15ರ ರಜೆಯ ದಿನ ಸೂರ್ಯಾಸ್ತ 6:44, ಅದೂ ಒಳ್ಳೆಯ ಸಂಜೆ. ಮೋಡ ಇದ್ದರೂ ಚಿಂತೆಯಿಲ್ಲ, ಮೋಡವೂ ನೀಲಿಯಾಗುತ್ತದೆ. ಮಳೆ ಬಿದ್ದು ನಿಂತಿದ್ದರೆ ನೆಲದ ನೀರಿನಲ್ಲಿ ಇನ್ನೊಂದು ಅರಮನೆ ಪುಕ್ಕಟೆ.

ಅರಮನೆಯ ಮುಂಭಾಗ ಪೂರ್ವಕ್ಕಿದೆ, ಮುಳುಗಿದ ಸೂರ್ಯನ ಬೆಳಕು ಅದರ ಬೆನ್ನಿಗೆ ಉಳಿದಿರುತ್ತದೆ. ಹಗಲಿನ ಚಿತ್ರ ಬೇಕಿದ್ದರೆ ಇದೇ ಕಾರಣಕ್ಕೆ ಬೆಳಿಗ್ಗೆ ಹೋಗಬೇಕು, ಸಂಜೆ ಮುಂಭಾಗವೆಲ್ಲ ನೆರಳು.

ಐಎಸ್ಒ 100, ಎಫ್/8, 2 ಸೆಕೆಂಡಿನಿಂದ ಶುರುಮಾಡಿ, ಒಂದೊಂದು ಸ್ಟಾಪ್ (ಬೆಳಕು ದುಪ್ಪಟ್ಟು ಅಥವಾ ಅರ್ಧವಾಗುವ ಹಂತ) ಅಂತರದಲ್ಲಿ ಐದು ಚಿತ್ರ. ಬಲ್ಬುಗಳ ಸಾಲು ಕರಗಿ ಒಂದೇ ಬಿಳಿ ಪಟ್ಟಿಯಾದರೆ ಎಕ್ಸ್‌ಪೋಷರ್ ಹೆಚ್ಚಾಯಿತು. ಒಂದು ಲಕ್ಷದ ಹತ್ತಿರ ಬಲ್ಬುಗಳಿವೆ, ಒಂದೊಂದೂ ಬಿಡಿಯಾಗಿ ಕಾಣಬೇಕು. ವೈಟ್ ಬ್ಯಾಲೆನ್ಸ್ ಆಟೊ ಬಿಡಬೇಡಿ, ಬಲ್ಬಿನ ಚಿನ್ನದ ಬಣ್ಣವನ್ನು ತಿದ್ದಿ ಬಿಳಿ ಮಾಡಿಬಿಡುತ್ತದೆ. 3800 ಕೆಲ್ವಿನ್ ಆಸುಪಾಸಿನಲ್ಲಿ ಚಿನ್ನವೂ ನೀಲಿಯೂ ಎರಡೂ ಉಳಿಯುತ್ತವೆ. ಆವರಣದೊಳಗೆ ಅನುಮತಿ ಇಲ್ಲದೆ ಟ್ರೈಪಾಡ್ ಬಿಡುವುದಿಲ್ಲ ಎಂದೇ ತಿಳಿದು ಹೊರಡಿ. ಹೊರಗೆ, ಜಯಮಾರ್ತಾಂಡ ದ್ವಾರದ ಎದುರಿನಿಂದ ಕಮಾನಿನೊಳಗೆ ಅರಮನೆಯನ್ನು ಕೂರಿಸಬಹುದು.

---

ಕುಂಕುಮ_ರಾಶಿ

ಮಾರುಕಟ್ಟೆಗೆ ಎರಡು ಎಚ್ಚರಿಕೆ.

ಮೊದಲನೆಯದು ಕೆಂಪು. ಕುಂಕುಮದ ರಾಶಿ ತೆಗೆದಾಗ ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ಸರಿಯಾಗಿಯೇ ಕಾಣುತ್ತದೆ, ಕೆಂಪು ಚಾನೆಲ್ ಮಾತ್ರ ಮೇಲೆ ಒಡೆದಿರುತ್ತದೆ. ರಾಶಿಯ ಪದರ, ನುಣುಪು ಎಲ್ಲ ಹೋಗಿ ಬಣ್ಣ ಬಳಿದ ಗೋಡೆಯಂತಾಗುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಂ ತೆರೆದು ನೋಡಿ, ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸಿ, ರಾ ಫೈಲ್‌ನಲ್ಲಿ ತೆಗೆಯಿರಿ. ಮಳಿಗೆಯ ಮುಂದೆ ಲೆನ್ಸ್ ಬದಲಿಸಬೇಡಿ, ಆ ಪುಡಿ ಸೆನ್ಸರ್ ಮೇಲೆ ಕೂತರೆ ಊದುವ ಬಲ್ಬಿಗೆ ಹೋಗುವುದಿಲ್ಲ.

ಎರಡನೆಯದು ನೀಲಿ ಟಾರ್ಪಾಲು. ಅದರಡಿ ಕೂತವರ ಮುಖಕ್ಕೆ ಮೇಲಿಂದ ನೀಲಿ, ಪಕ್ಕದ ಎಲ್‌ಇಡಿಯಿಂದ ಹಸಿರುಬಿಳಿ ಬೀಳುತ್ತದೆ. ಗ್ರೇ ಕಾರ್ಡ್ (ಬಣ್ಣ ಹೊಂದಿಸಲು ಬಳಸುವ ಬೂದು ಹಲಗೆ) ಇಟ್ಟು ತೆಗೆದರೂ ಸರಿಯಾಗುವುದು ಒಂದು ಬೆಳಕು ಮಾತ್ರ. ಸಾಫ್ಟ್‌ವೇರ್‌ನಲ್ಲಿ ತಿದ್ದುವುದಕ್ಕಿಂತ ವ್ಯಾಪಾರಿಯನ್ನು ಒಂದು ಹೆಜ್ಜೆ ಮುಂದೆ, ಹಾದಿಯ ತೆರೆದ ಬೆಳಕಿಗೆ ಕರೆಯುವುದು ಸುಲಭ. ಅಥವಾ ತಕ್ಕಡಿಯ ಪಕ್ಕ ಬಿಳಿ ಥರ್ಮೊಕೋಲ್ ಹಲಗೆ ಹಿಡಿದು ಹೊರಗಿನ ಬೆಳಕನ್ನು ಮುಖಕ್ಕೆ ತಿರುಗಿಸಿ. ಐಎಸ್ಒ 1600, ಎಫ್/2.8, 1/125 ಸೆಕೆಂಡು ಒಳಗಿನ ಸಾಲುಗಳಿಗೆ ಸಾಕಾಗುತ್ತದೆ. ಎಲ್‌ಇಡಿ ಪಟ್ಟೆ ಬಂದರೆ 1/100ಕ್ಕೆ ಇಳಿಸಿ, ನಮ್ಮ ವಿದ್ಯುತ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ.

ಹೂವಿನ ಸಾಲಿಗೆ ಬೆಳಗಿನ ಜಾವ ಹೋದರೆ ಬಣ್ಣ ಚೆನ್ನ, ಆದರೆ ಅದು ಅವರ ವ್ಯಾಪಾರದ ಹೊತ್ತು, ಮಾತಾಡಲು ಪುರುಸೊತ್ತಿರುವುದಿಲ್ಲ. ಭಾವಚಿತ್ರಕ್ಕೆ ಮಧ್ಯಾಹ್ನ 2ರಿಂದ 4 ವಾಸಿ. ತೆಗೆದವರಿಗೆ ಮುಂದಿನ ವಾರವೇ 5×7 ಪ್ರಿಂಟ್ ತಲುಪಲಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ. ಮಾರುಕಟ್ಟೆ ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಳಿಂದ ನಡೆದಿದೆ. ಚಿತ್ರ ಯಾವ ಪಕ್ಷದ ಪೋಸ್ಟರಿಗೂ ಹೋಗುವುದಿಲ್ಲ ಎಂದು ಮೊದಲೇ ಹೇಳಿ, ಪ್ರದರ್ಶನಕ್ಕೆ ಒಪ್ಪಿಗೆಯನ್ನು ಕನ್ನಡದಲ್ಲಿ ಎರಡು ಸಾಲು ಬರೆಸಿಕೊಳ್ಳಿ.

---

ಸೈಕಲ್_ಸ್ಟ್ಯಾಂಡ್

ಒಪ್ಪಿಗೆ ಪತ್ರ ತೆಗೆದ ಕೂಡಲೇ ಜನ ಹಿಂದೆ ಸರಿಯುತ್ತಾರೆ. ಬಾಯಿಮಾತು ಸಾಕು.

---

ಕುಂಕುಮ_ರಾಶಿ

ಪತ್ರವನ್ನು ಮೊದಲ ದಿನವೇ ತೆಗೆದರೆ ಸರಿಯುತ್ತಾರೆ. ಪ್ರಿಂಟ್ ಕೊಡುವ ದಿನ ಕೇಳಿ. ಚಿತ್ರ ಕಣ್ಣೆದುರು ಇರುತ್ತದೆ, ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂದು ಅವರಿಗೂ ಗೊತ್ತಿರುತ್ತದೆ. ಬೇಡ ಎಂದರೆ ಆ ಚಿತ್ರ ಅಲ್ಲಿಗೆ ಬಿಡಿ.

---

ನಜರ್‌ಬಾದ್_ನೋಟ

ಡಬ್ಬಿಯ ಕಾಗದ ಸ್ಕ್ಯಾನ್ ಮಾಡುವುದರ ಬಗ್ಗೆ ಇನ್ನೊಂದು ಪ್ರಶ್ನೆ. ಸ್ಕ್ಯಾನರ್ ಬೆಳಕಿಗೆ ಕಾಗದ ಕಪ್ಪಾಗುತ್ತದೆ ಅನ್ನುತ್ತಾರೆ. ಎಷ್ಟು ಸಲ ಸ್ಕ್ಯಾನ್ ಮಾಡಬಹುದು?

---

ಕತ್ತಲೆಕೋಣೆ

ಒಂದೇ ಸಲ ಎಂದುಕೊಂಡು ತಯಾರಾಗಿ. ಪ್ರಿವ್ಯೂ ಒತ್ತುವುದೂ ಒಂದು ಸಲವೇ, ಆ ಬೆಳಕಿಗೂ ಕಾಗದ ಮಬ್ಬಾಗುತ್ತದೆ. ಮೊದಲು ಅದೇ ಅಳತೆಯ ಬೇರೆ ಹಾಳೆ ಇಟ್ಟು ಜಾಗ ಗುರುತಿಸಿ, ಚೌಕಟ್ಟು ಹೊಂದಿಸಿ. ಬಣ್ಣದ ಮೋಡ್, 48 ಬಿಟ್, 1200 ಡಿಪಿಐ, ಸ್ವಯಂಚಾಲಿತ ತಿದ್ದುಪಡಿಗಳೆಲ್ಲ ಬಂದ್. 5×7ಕ್ಕೆ 6000×8400 ಪಿಕ್ಸೆಲ್ ಬರುತ್ತದೆ, ಅಷ್ಟು ಸಾಕು. ಕೋಣೆಯ ದೀಪ ಮಂದವಾಗಿರಲಿ, ಕಾಗದ ತೇವವಾಗಿದ್ದರೆ ಕಪ್ಪು ಚೀಲದಲ್ಲಿ ಸಡಿಲವಾಗಿಟ್ಟು ಒಂದು ದಿನ ಒಣಗಲು ಬಿಡಿ. ಒದ್ದೆ ಎಮಲ್ಷನ್ ಗಾಜಿಗೆ ಅಂಟಿಕೊಂಡರೆ ಚಿತ್ರವೂ ಹೋಯಿತು, ಗಾಜೂ ಹೋಯಿತು.

ಆಮೇಲೆ ಇನ್ವರ್ಟ್, ಅಡ್ಡಲಾಗಿ ಫ್ಲಿಪ್, ತಲೆಕೆಳಗಿದ್ದರೆ ತಿರುಗಿಸಿ. ಫ್ಲಿಪ್ ಮರೆತರೆ ಗೆರೆಗಳು ಎಡಕ್ಕೆ ವಾಲಿರುತ್ತವೆ, ಪೂರ್ವದ ಚಿತ್ರ ಸರಿಯಿದೆಯೇ ಎಂದು ಅದರಿಂದಲೇ ತಿಳಿಯುತ್ತದೆ. ಗುಲಾಬಿ, ತಿಳಿನೀಲಿ ಏನೇ ಬಂದರೂ ಅದು ಕಾಗದದ ಬಣ್ಣ, ಆಕಾಶದ್ದಲ್ಲ. ಎರಡು ಕಂಪನಿಯ ಕಾಗದ ಎರಡು ಬಣ್ಣ ಕೊಡುತ್ತದೆ. ಆರು ಡಬ್ಬಿಗಳನ್ನು ಒಟ್ಟಿಗೆ ಗೋಡೆಗೆ ಹಾಕುವ ಆಲೋಚನೆಯಿದ್ದರೆ ಆರಕ್ಕೂ ಒಂದೇ ಪೊಟ್ಟಣದ ಕಾಗದ ಇರಲಿ.

ಕಾಗದವನ್ನು ಎಸೆಯಬೇಡಿ. ಕಪ್ಪು ಪಾಲಿಥೀನ್ ಚೀಲದಲ್ಲಿಟ್ಟು ಮೇಲೆ ಮಹಡಿಯ ವಿಳಾಸ, ಮುಖ ಮಾಡಿದ ದಿಕ್ಕು ಡಿಗ್ರಿಯಲ್ಲಿ, ಕಟ್ಟಿದ ದಿನ, ಬಿಚ್ಚಿದ ದಿನ, ರಂಧ್ರದ ಗೇಜ್ ಬರೆಯಿರಿ. ದಿಕ್ಕನ್ನು ಫೋನಿನ ದಿಕ್ಸೂಚಿಯಿಂದ ಅಳೆಯುವಾಗ ಕಬ್ಬಿಣದ ಕಟಕಟೆಯಿಂದ ಎರಡು ಮೀಟರ್ ದೂರ ನಿಂತು ಅಳೆಯಿರಿ, ಹತ್ತಿರ ಹೋದರೆ ಮುಳ್ಳು ಸುಳ್ಳು ಹೇಳುತ್ತದೆ.